ಆರು ಇಂಚಿನ ಸ್ಕ್ರೀನಿನಲ್ಲಿ ನಕ್ಷೆ ನೋಡೋದು ಹೇಗೆ?

ಪ್ರಶ್ನೆ: ನನ್ನ ಹತ್ತಿರ ಇ-ಪುಸ್ತಕ ಓದುವ ಆರು ಇಂಚಿನ ಕಿಂಡಲ್ ಇದೆ. ಕತೆ, ಕಾದಂಬರಿ ಓದೋಕೆ ಬಹಳ ಚೆನ್ನಾಗಿದೆ. ಆದರೆ ಇತಿಹಾಸದ ಪುಸ್ತಕದಲ್ಲಿ ನಕ್ಷೆ ಬಂದರೆ ಮುಗೀತು, ಊರುಗಳ ಹೆಸರು ಇರುವೆ ಸಾಲಿನ ಹಾಗೆ ಕಾಣುತ್ತವೆ. ದೊಡ್ಡದು ಮಾಡಿ ಸರಿಸೋಕೆ ಹೋದರೆ ಚಿತ್ರ ತಡೆದು ತಡೆದು ಬರುತ್ತದೆ, ಹಿಂದಿನ ಚಿತ್ರದ ನೆರಳು ಉಳಿಯುತ್ತದೆ, ಒಮ್ಮೊಮ್ಮೆ ಪುಟವೇ ತಿರುಗಿಬಿಡುತ್ತದೆ. ಫೋನಿನಲ್ಲಿ ಇಷ್ಟು ಸಲೀಸಾದ ಕೆಲಸ ಇಲ್ಲಿ ಯಾಕೆ ಹೀಗೆ? – ಶಿವಮೊಗ್ಗದ ಓದುಗರು

ಉತ್ತರ: ಸರ್, ನಿಮ್ಮ ಕೈಯಲ್ಲೂ ತಪ್ಪಿಲ್ಲ, ಸಾಧನ ಕೆಟ್ಟೂ ಇಲ್ಲ. ಕಿಂಡಲ್‌ನಲ್ಲಿರುವ ಇ-ಇಂಕ್ ಸ್ಕ್ರೀನ್ ಕೆಲಸ ಮಾಡುವ ರೀತಿಯೇ ಬೇರೆ. ಅದರೊಳಗೆ ಕಪ್ಪು, ಬಿಳಿ ಬಣ್ಣದ ಸಣ್ಣ ಸಣ್ಣ ಕಣಗಳು ದ್ರವದಲ್ಲಿ ತೇಲುತ್ತಿರುತ್ತವೆ. ವಿದ್ಯುತ್ ಕೊಟ್ಟಾಗ ಅವು ಮೇಲೆ ಕೆಳಗೆ ಹೋಗಿ ಚಿತ್ರ ಮೂಡುತ್ತದೆ. ಪೂರ್ತಿ ಸ್ಕ್ರೀನ್ ಒಮ್ಮೆ ಸ್ವಚ್ಛವಾಗಿ ಮೂಡೋಕೆ ಸುಮಾರು ಅರ್ಧ ಸೆಕೆಂಡ್ ಬೇಕು. ಫೋನ್ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ. ಹಾಗಾಗಿ ಫೋನಿನ ಹಾಗೆ ಬೆರಳು ಇಟ್ಟುಕೊಂಡೇ ಮೆಲ್ಲಗೆ ಎಳೆಯುತ್ತಾ ಹೋದರೆ ಅದಕ್ಕೆ ಸಮ ಬರೋಕಾಗಲ್ಲ. ಕಣಗಳು ಅರ್ಧ ದಾರಿಯಲ್ಲಿರುವಾಗಲೇ ನೀವು ಮುಂದಿನ ಚಿತ್ರ ಕೇಳಿರುತ್ತೀರಿ. ಉಳಿಯುವ ನೆರಳು ಅದೇ.

ನನಗೂ ಇದು ತಲೆಗೆ ಹತ್ತಿದ್ದು ರಾಯಚೂರು ದೋಆಬ್‌ನ, ಅಂದರೆ ಕೃಷ್ಣೆ-ತುಂಗಭದ್ರೆಯ ನಡುವಿನ ನಾಡಿನ, ಒಂದು ನಕ್ಷೆ ನೋಡುವಾಗ. ಹಂಪಿಯಿಂದ ತುಂಗಭದ್ರೆಯ ಗೆರೆ ಹಿಡಿದು, ಅದು ಕೃಷ್ಣೆಗೆ ಸೇರುವವರೆಗೆ ಹೋಗಬೇಕಿತ್ತು. ಬೆರಳು ಎಳೆದೆ, ನದಿ ನಾಲ್ಕು ನದಿ ಆಯಿತು. ಮುದಗಲ್ ಎಲ್ಲೋ ಹೋಯಿತು. ಆಮೇಲೆ ಎಳೆಯೋದು ಬಿಟ್ಟು, ಒಂದು ಸಲ ಬೀಸಿ ಸರಿಸಿ, ಬೆರಳು ಪೂರ್ತಿ ಎತ್ತಿ, ಚಿತ್ರ ನಿಲ್ಲುವವರೆಗೆ ಕಾದೆ. ಹೊಲ ಉಳುವ ಹಾಗೆ ಸಾಲು ಹಿಡಿದು ಎಡದಿಂದ ಬಲಕ್ಕೆ, ಆಮೇಲೆ ಒಂದು ಸಾಲು ಕೆಳಕ್ಕೆ. ಪ್ರತಿ ಸಲವೂ ಹಿಂದಿನ ಭಾಗದ ಒಂದು ಊರಾದರೂ ಅಂಚಿನಲ್ಲಿ ಉಳಿಯುವ ಹಾಗೆ ನೋಡಿಕೊಂಡೆ, ಇಲ್ಲದಿದ್ದರೆ ಎಲ್ಲಿದ್ದೇವೆ ಅಂತಲೇ ಗೊತ್ತಾಗಲ್ಲ. ಎರಡೇ ನಿಮಿಷದಲ್ಲಿ ಸಂಗಮ ಸಿಕ್ಕಿತು.

ಪುಟ ತಿರುಗೋದು ಯಾಕೆ ಅಂದರೆ ನೀವು ಇನ್ನೂ ಪುಟದಲ್ಲೇ ಇದ್ದೀರಿ, ಚಿತ್ರದೊಳಗೆ ಹೋಗಿಲ್ಲ. ಮೊದಲು ಚಿತ್ರದ ಮೇಲೆ ಬೆರಳು ಒತ್ತಿ ಹಿಡಿಯಿರಿ, ಇಲ್ಲಾ ಎರಡು ಸಲ ತಟ್ಟಿ. ಭೂತಗನ್ನಡಿ ಗುರುತು ಬಂದರೆ ಅದನ್ನು ಒತ್ತಿ. ಚಿತ್ರವೊಂದೇ ಸ್ಕ್ರೀನ್ ತುಂಬಾ ಬಂದ ಮೇಲೆ ಎರಡು ಬೆರಳಿನಿಂದ ಹಿಗ್ಗಿಸಿ.

ಇನ್ನೊಂದು ಮಾತು. ಅಗಲವಾದ ನಕ್ಷೆಯಾದರೆ ಝೂಮ್ ಮಾಡುವ ಮೊದಲು ಸ್ಕ್ರೀನನ್ನೇ ಅಡ್ಡಕ್ಕೆ ತಿರುಗಿಸಿ. ಆರು ಇಂಚಿನ ಸ್ಕ್ರೀನ್ ಅಂದರೆ 9 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದ. ಅಡ್ಡ ಹಿಡಿದರೆ ಮೂರನೇ ಒಂದು ಭಾಗದಷ್ಟು ಜಾಸ್ತಿ ಜಾಗ ಸುಮ್ನೆ ಸಿಗುತ್ತದೆ. ಅಷ್ಟಾದ ಮೇಲೂ ಅಕ್ಷರ ಮಸುಕಾಗಿದ್ದರೆ ತಪ್ಪು ಪುಸ್ತಕ ಮಾಡಿದವರದ್ದು. 600 ಪಿಕ್ಸೆಲ್ ಅಗಲದ ಚಿತ್ರವನ್ನು 300 ಪಿಪಿಐ (ಅಂದರೆ ಇಂಚಿಗೆ 300 ಪಿಕ್ಸೆಲ್) ಸ್ಕ್ರೀನಿನಲ್ಲಿ ಸ್ಪಷ್ಟವಾಗಿ ತೋರಿಸಲು ಆಗುವುದು ಎರಡು ಇಂಚು ಅಗಲಕ್ಕೆ ಮಾತ್ರ. ಅದಕ್ಕಿಂತ ದೊಡ್ಡದು ಮಾಡಿದರೆ ಚುಕ್ಕೆ ದೊಡ್ಡದಾಗುತ್ತದೆ, ಹೆಸರು ಓದೋಕೆ ಬರಲ್ಲ. ಫೈಲ್ ಸಣ್ಣದಾಗಲಿ ಅಂತ ನಕ್ಷೆಯನ್ನೂ ಕುಗ್ಗಿಸಿ ಹಾಕುವ ಪ್ರಕಾಶಕರು ಇದನ್ನು ದಯವಿಟ್ಟು ಗಮನಿಸಬೇಕು.

ಪ್ರಶ್ನೆ: ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಮಾಡಿದ ಪಿಡಿಎಫ್ ಓದುತ್ತೇನೆ. ಅಕ್ಷರ ಹೇಗೋ ಕಾಣುತ್ತದೆ, ಒತ್ತಕ್ಷರ ಕಾಣಲ್ಲ. ಪ್ರತಿ ಪುಟಕ್ಕೂ ಝೂಮ್ ಮಾಡಿ ಮಾಡಿ ಬೇಜಾರಾಗಿದೆ. – ಧಾರವಾಡದ ಶಿಕ್ಷಕಿ

ಉತ್ತರ: ಮೇಡಂ, ನಿಮ್ಮ ಕಷ್ಟ ಚೆನ್ನಾಗಿ ಗೊತ್ತು. ‘ಭಕ್ತ’ದ ತ-ಒತ್ತು ಹೋದರೆ ಪದವೇ ಹೋಯಿತಲ್ವಾ? ಸ್ಕ್ಯಾನ್ ಮಾಡಿದ ಪುಟ ಅಂದರೆ ಪುಟ ಪೂರ್ತಿ ಒಂದು ಫೋಟೋ. ಅಕ್ಷರದ ಗಾತ್ರ ಹೆಚ್ಚಿಸುವ ಸೌಲಭ್ಯ ಅಲ್ಲಿ ಕೆಲಸಕ್ಕೆ ಬರಲ್ಲ.

ಲೆಕ್ಕ ಹಾಕೋಣ. ನಮ್ಮ ಡೆಮಿ ಅಳತೆಯ ಪುಸ್ತಕದ ಪುಟ ಸುಮಾರು 14 ಸೆಂ.ಮೀ. ಅಗಲ. ಅದನ್ನು 9 ಸೆಂ.ಮೀ.ಗೆ ಇಳಿಸಿದಾಗ ಅಕ್ಷರ ಮೂರನೇ ಒಂದು ಭಾಗ ಕುಗ್ಗುತ್ತದೆ. ಆದರೆ ಅಚ್ಚಾದ ಸಾಲಿನ ಅಗಲ 11 ಸೆಂ.ಮೀ. ಇದ್ದರೆ ಹೆಚ್ಚು, ಉಳಿದದ್ದು ಖಾಲಿ ಅಂಚು. ಆ ಅಂಚು ಕತ್ತರಿಸಿ, ಸ್ಕ್ರೀನ್ ಅಡ್ಡ ಹಿಡಿದರೆ ಸಾಲು 12 ಸೆಂ.ಮೀ. ಅಗಲಕ್ಕೆ ಬರುತ್ತದೆ. ಅಂದರೆ ಅಚ್ಚಿನ ಪುಸ್ತಕಕ್ಕಿಂತ ಸ್ವಲ್ಪ ದೊಡ್ಡದು! ಒಂದು ಪುಟವನ್ನು ಎರಡು ಮೂರು ಸಲಕ್ಕೆ ಕೆಳಗೆ ಜಾರಿಸಿ ಓದಬೇಕು, ಅಷ್ಟೇ. ಪಕ್ಕಕ್ಕೆ ಸರಿಸುವ ಕೆಲಸವೇ ಇಲ್ಲ.

ಕಂಪ್ಯೂಟರಿನಲ್ಲಿ ಅಂಚು ಕತ್ತರಿಸೋಕೆ ಬ್ರಿಸ್ ಎಂಬ ಉಚಿತ ತಂತ್ರಾಂಶ ಇದೆ, ಇಡೀ ಪುಸ್ತಕಕ್ಕೆ ಒಂದೇ ಸಲ ಮಾಡಬಹುದು. ಕೆ2ಪಿಡಿಎಫ್‌ಆಪ್ಟ್ ಎಂಬ ಇನ್ನೊಂದು ತಂತ್ರಾಂಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸಾಲುಗಳನ್ನೇ ಚಿತ್ರದ ತುಂಡು ಮಾಡಿ ಚಿಕ್ಕ ಸ್ಕ್ರೀನಿಗೆ ಮರುಜೋಡಿಸುತ್ತದೆ. ಅದು ಅಕ್ಷರ ಓದಲ್ಲ, ಖಾಲಿ ಜಾಗ ನೋಡಿ ಕತ್ತರಿಸುತ್ತದೆ, ಹಾಗಾಗಿ ಭಾಷೆ ಯಾವುದಾದರೂ ನಡೆಯುತ್ತದೆ. ಆದರೆ ಸಾಲುಗಳು ಒತ್ತೊತ್ತಾಗಿದ್ದು ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿದರೆ ಕತ್ತರಿ ತಪ್ಪು ಜಾಗಕ್ಕೆ ಬೀಳಬಹುದು. ಮೊದಲು ಹತ್ತು ಪುಟ ಮಾಡಿ ನೋಡಿ.

ನಿಮ್ಮದು ಕೋಬೋ ಅಥವಾ ಪಾಕೆಟ್‌ಬುಕ್ ಕಂಪನಿಯ ರೀಡರ್ ಆದರೆ ಕೆಓರೀಡರ್ ಎಂಬ ಓದುವ ತಂತ್ರಾಂಶ ಹಾಕಿಕೊಳ್ಳಿ. ಅದೂ ಉಚಿತ. ಅಂಚು ಕತ್ತರಿಸೋದು, ಕಪ್ಪು ಗಾಢ ಮಾಡೋದು ಎಲ್ಲ ಅದರಲ್ಲೇ ಇದೆ. ಸ್ಕ್ಯಾನ್ ಪುಟಕ್ಕೆ ಕಾಂಟ್ರಾಸ್ಟ್ ಸ್ವಲ್ಪ ಏರಿಸಿದರೆ ಒತ್ತಕ್ಷರ ಎದ್ದು ಕಾಣುತ್ತದೆ. ಕಿಂಡಲ್‌ನಲ್ಲಿ ಇದನ್ನು ಹಾಕೋಕೆ ಸಾಧನಕ್ಕೆ ಕಂಪನಿ ಹಾಕಿರುವ ತಂತ್ರಾಂಶದ ಬೀಗ ಒಡೆಯಬೇಕು, ಅದರ ಗೋಜು ಬೇಡ. ಅಂಚು ಕತ್ತರಿಸಿದ ಪಿಡಿಎಫ್ ಕಳಿಸಿಕೊಳ್ಳಿ ಸಾಕು.

ಪ್ರಶ್ನೆ: ಇಷ್ಟೆಲ್ಲ ಯಾಕೆ, ಹತ್ತು ಇಂಚಿನದೇ ಕೊಂಡರೆ? – ಹಾಸನ

ಉತ್ತರ: ದಿನಾ ಎ4 ಅಳತೆಯ ಪ್ರಬಂಧ, ಪಠ್ಯಪುಸ್ತಕ ಓದುವವರಾದರೆ ಕೊಳ್ಳಿ. ತಿಂಗಳಿಗೆ ನಾಲ್ಕು ನಕ್ಷೆ ನೋಡುವವರಿಗೆ ಬೇಡ. ಬಸ್ಸಿನಲ್ಲಿ ಒಂದೇ ಕೈಯಲ್ಲಿ ಹಿಡಿದು ಓದುವ ಸುಖ ಹೋಗುತ್ತದೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಒಂದು ಮುಕ್ತ ರೀಡರ್ ತಂತ್ರಾಂಶದ ಚಿತ್ರ ತೋರಿಸುವ ಭಾಗವನ್ನು ಸುಧಾರಿಸುವ ಆಸೆ ಇದೆ. ಯಾವುದರಿಂದ ಶುರು ಮಾಡಲಿ? – ಮೈಸೂರು

ಉತ್ತರ: ಶುರು ಮಾಡಿ, ತುಂಬ ಜನಕ್ಕೆ ಉಪಕಾರವಾಗುತ್ತದೆ. ಮೊದಲನೆಯದಾಗಿ, ಬೆರಳು ಎರಡು ಸಲ ತಟ್ಟಿದ ಜಾಗವೇ ದೊಡ್ಡದಾಗಿ ನಡುವಿಗೆ ಬರಲಿ. ಮುದಗಲ್ ಮೇಲೆ ತಟ್ಟಿದರೆ ನಕ್ಷೆಯ ನಡು ತೋರಿಸೋದಲ್ಲ, ಮುದಗಲ್ಲೇ ಬರಬೇಕು. ಆಮೇಲೆ ಸ್ಕ್ರೀನಿನ ಅಂಚು ತಟ್ಟಿದರೆ ಚಿತ್ರ ಒಂದೇ ನೆಗೆತಕ್ಕೆ ಆ ಕಡೆ ಸರಿಯಲಿ, ಆದರೆ ಹಿಂದಿನದರ ಹತ್ತನೇ ಒಂದು ಭಾಗ ಉಳಿಯಲಿ. ಪುಟ ತಿರುಗಿಸುವ ಗುಂಡಿ ಇರುವ ಸಾಧನವಾದರೆ ಗುಂಡಿಗೂ ಅದೇ ಕೆಲಸ ಕೊಡಿ, ಬೆರಳು ನಡುಗುವ ಹಿರಿಯರಿಗೆ ಅದರಷ್ಟು ಅನುಕೂಲ ಬೇರೆ ಇಲ್ಲ. ಬೆರಳು ಸರಿಯುತ್ತಿರುವಾಗ ಬರೀ ಕಪ್ಪು-ಬಿಳುಪಿನ ವೇಗದ ವಿಧಾನ ಬಳಸಿ, ಎತ್ತಿದ ಕೂಡಲೇ 16 ಛಾಯೆಗಳಲ್ಲಿ ಒಮ್ಮೆ ಪೂರ್ತಿ ಮೂಡಿಸಿ. ನೆರಳೂ ಹೋಗುತ್ತದೆ. ಮೂಲೆಯಲ್ಲಿ ಉಗುರಿನಷ್ಟು ಪೂರ್ತಿ ನಕ್ಷೆ ಇಟ್ಟು, ಈಗ ಎಲ್ಲಿದ್ದೇವೆ ಅಂತ ಒಂದು ಚೌಕ ತೋರಿಸಿದರಂತೂ ನಾನೇ ಮೊದಲು ಹಾಕಿಕೊಳ್ಳುತ್ತೇನೆ.

ಮೆಮೊರಿ ಕಡೆ ಗಮನ ಇರಲಿ. 4000 × 3000 ಪಿಕ್ಸೆಲ್ ಚಿತ್ರವನ್ನು ಫೈಲಿನಿಂದ ಬಿಚ್ಚಿ ಮೆಮೊರಿಯಲ್ಲಿ ಬಣ್ಣದಲ್ಲಿ ಇಟ್ಟರೆ 36 ಎಂಬಿ ಬೇಕು, ಬೂದು ಛಾಯೆಯಲ್ಲಿ ಇಟ್ಟರೆ 12 ಎಂಬಿ ಸಾಕು. ಕಪ್ಪು-ಬಿಳುಪು ಸ್ಕ್ರೀನಿಗೆ ಬಣ್ಣ ಯಾಕೆ? ಒಂದೇ ಸಲ ಬಿಚ್ಚಿ ಇಟ್ಟುಕೊಂಡು, ಸರಿಸಿದಾಗೆಲ್ಲ ಅದರಿಂದಲೇ ಕತ್ತರಿಸಿ ತೋರಿಸಿ. ಮಾಡಿ ಮುಗಿಸಿದ ಮೇಲೆ ಹೊಸ ಸಾಧನದಲ್ಲಿ ಮಾತ್ರ ನೋಡಬೇಡಿ, 167 ಪಿಪಿಐನ ಒಂದು ಹಳೇ ರೀಡರ್ ಯಾರ ಹತ್ತಿರವಾದರೂ ಇಸ್ಕೊಂಡು ಅದರಲ್ಲೂ ನೋಡಿ. ಹೇಗಾಯಿತು ಅಂತ ನಮಗೂ ಬರೆಯಿರಿ.