ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ಹಾರಿಸಿದ ಡಾಂಟ್‌ಲೆಸ್ ಡೈವ್ ಬಾಂಬರ್‌ನ (ನೆಟ್ಟಗೆ ಕೆಳಗೆ ಧುಮುಕಿ ಬಾಂಬ್ ಹಾಕುವ ವಿಮಾನ) ಮೈಮೇಲಿನ ನಂಬರ್ ಹಿಡಿದು ಅದರ ಇತಿಹಾಸ ಹುಡುಕಬಹುದೇ? ಇವತ್ತು ಉಳಿದಿರುವ ವಿಮಾನಗಳಿಂದ ಶುರು ಮಾಡಿದರೆ ಸುಲಭವೇ?

ನಾನೂ ಹೀಗೆ ಮೈಮೇಲಿನ ನಂಬರ್ ಹಿಡಿದು ಹೊರಟವನು. ದಯವಿಟ್ಟು ಅದನ್ನು ನಂಬಬೇಡಿ.

ನನ್ನ ಹತ್ತಿರ 1942ರ ಎರಡು ಫೋಟೋ ಇದ್ದವು. ಎರಡರಲ್ಲೂ ಎಂಟರ್‌ಪ್ರೈಸ್ ಅನ್ನೋ ವಿಮಾನವಾಹಕ ಹಡಗಿನ ಡಾಂಟ್‌ಲೆಸ್. ಅದೇ 'ಬಿ' ಅಕ್ಷರ, ಪಕ್ಕದಲ್ಲಿ ಅದೇ ಅಂಕಿ. ಒಂದೇ ವಿಮಾನ ಅಂದುಕೊಂಡು, ನಡುವಿನ ತಿಂಗಳುಗಳನ್ನು ಸ್ಕ್ವಾಡ್ರನ್ ಡೈರಿ ನೋಡಿ ತುಂಬಿಸಿದೆ. ಎಲ್ಲ ಸರಿಯಾಗಿ ಕೂತಿತು. ಆದರೆ ಆ ನಂಬರ್ ವಿಮಾನದ್ದಲ್ಲ, ಸ್ಕ್ವಾಡ್ರನ್ನಿನಲ್ಲಿ ಅದು ನಿಲ್ಲುವ ಜಾಗದ್ದು. ಒಂದು ವಿಮಾನ ಸಮುದ್ರದ ಪಾಲಾದರೆ ಅದರ ಬದಲಿಗೆ ಬಂದದ್ದಕ್ಕೂ ಅದೇ ನಂಬರ್ ಬಳಿಯುತ್ತಿದ್ದರು. ಹುಟ್ಟಿನಿಂದ ಕೊನೆತನಕ ಜೊತೆಗಿರುವುದು ಬ್ಯೂರೋ ನಂಬರ್, ಅಂದರೆ ನೌಕಾಪಡೆ ಪ್ರತಿ ವಿಮಾನಕ್ಕೂ ಕೊಡುವ ಕ್ರಮಸಂಖ್ಯೆ, ಒಂದೇ. ಅದು ಬಾಲದ ಮೇಲೆ ಸಣ್ಣಕ್ಕೆ ಬರೆದಿರುತ್ತದೆ. ಫೋಟೋ ದೊಡ್ಡದು ಮಾಡಿ ನೋಡಿದರೆ ಎರಡೂ ಬೇರೆ ಬೇರೆ! ಮೊದಲನೆಯದು ಆಗಲೇ ಮುಳುಗಿಹೋಗಿತ್ತು. ತಿಂಗಳುಗಟ್ಟಲೆ ಮಾಡಿದ ಕೆಲಸ ಹೋಯಿತು, ಅದಿರಲಿ. ಆ ವಿಮಾನದಲ್ಲಿ ಸತ್ತ ಪೈಲಟ್ ಮತ್ತು ಗನ್ನರ್ ನನ್ನ ಬರಹದಲ್ಲಿ ಇರಲೇ ಇಲ್ಲ. ಅವರ ಸಾವನ್ನೇ ನಾನು ಅಳಿಸಿಬಿಟ್ಟಿದ್ದೆ. ಅದು ಈಗಲೂ ಚುಚ್ಚುತ್ತದೆ.

ಬ್ಯೂರೋ ನಂಬರ್ ಸಿಕ್ಕರೆ ಅಮೆರಿಕದ ನೌಕಾಪಡೆಯ ಇತಿಹಾಸ ಕಾರ್ಡ್ ಹುಡುಕಿ. ವಿಮಾನ ಯಾವಾಗ ಯಾವ ಘಟಕದಲ್ಲಿತ್ತು, ಯಾವಾಗ ಲೆಕ್ಕದಿಂದ ತೆಗೆದರು ಅಂತ ಅದರಲ್ಲಿರುತ್ತದೆ. ಯಾರು ಹಾರಿಸಿದರು ಅಂತ ಇರುವುದಿಲ್ಲ. ಅದಕ್ಕೆ ಯುದ್ಧ ವರದಿ, ಪೈಲಟ್‌ಗಳ ಲಾಗ್‌ಬುಕ್ ಬೇಕು.

ಇನ್ನು, ಉಳಿದವುಗಳಿಂದ ಶುರು ಮಾಡುವ ಯೋಚನೆ ಬಿಡಿ. ಉಳಿದದ್ದು, ಕಳೆದದ್ದು ಅಂತ ಹಾಗೆ ಗೆರೆ ಎಳೆಯೋಕಾಗಲ್ಲ. 2106 ಬ್ಯೂರೋ ನಂಬರಿನ ಡಾಂಟ್‌ಲೆಸ್ಸನ್ನೇ ನೋಡಿ. 1942ರ ಮಾರ್ಚ್‌ನಲ್ಲಿ ಲೆಕ್ಸಿಂಗ್ಟನ್ ಹಡಗಿನಿಂದ ನ್ಯೂಗಿನಿಯ ಮೇಲೆ ದಾಳಿಗೆ ಹೋಯಿತು. ಜೂನ್ 4ರಂದು ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದ ಹತ್ತಿರ ಜಪಾನಿನ ಜೊತೆ ನಡೆದ ಕದನದಲ್ಲಿ ಡೇನಿಯಲ್ ಐವರ್ಸನ್ ಅದನ್ನು ಹಾರಿಸಿದರು, ಹಿಂದಿನ ಸೀಟಿನಲ್ಲಿ ವ್ಯಾಲೇಸ್ ರೀಡ್. ಮೈತುಂಬ 200ಕ್ಕೂ ಹೆಚ್ಚು ತೂತು. ಒಂದು ಗುಂಡು ಐವರ್ಸನ್ ಕುತ್ತಿಗೆಗೆ ಕಟ್ಟಿದ್ದ ಮೈಕಿನ ತಂತಿಯನ್ನೇ ಕತ್ತರಿಸಿತ್ತು. ಒಂದೇ ಚಕ್ರದ ಮೇಲೆ ಇಳಿಸಿದರು. ರಿಪೇರಿಯಾಗಿ ತರಬೇತಿಗೆ ಹೋದ ವಿಮಾನ 1943ರ ಜೂನ್‌ನಲ್ಲಿ ಅಮೆರಿಕದ ಮಿಶಿಗನ್ ಸರೋವರಕ್ಕೆ ಬಿತ್ತು. 1994ರಲ್ಲಿ ಮೇಲೆತ್ತಿದರು. ಈಗ ಫ್ಲೋರಿಡಾದ ಪೆನ್ಸಕೋಲಾದ ನೌಕಾ ವಿಮಾನ ಮ್ಯೂಸಿಯಂನಲ್ಲಿದೆ. ಬೀಳದೆ ಸುರಕ್ಷಿತವಾಗಿ ಉಳಿದಿದ್ದರೆ, ಯುದ್ಧ ಮುಗಿದ ಮೇಲೆ ಬೇರೆ ಡಾಂಟ್‌ಲೆಸ್‌ಗಳ ಜೊತೆ ಇದೂ ಗುಜರಿಗೆ ಹೋಗುತ್ತಿತ್ತು. ಆ ತಣ್ಣನೆಯ ಸಿಹಿನೀರೇ ಕಾಪಾಡಿತು.

ಕಳೆದುಹೋದ ವಿಮಾನಕ್ಕೆ ಕಾಗದಪತ್ರ ಜಾಸ್ತಿ, ಯಾಕೆಂದರೆ ಪ್ರತಿ ಅಪಘಾತಕ್ಕೂ ಯಾರೋ ಉತ್ತರ ಕೊಡಬೇಕಿತ್ತಲ್ವಾ? ಮ್ಯೂಸಿಯಂ ವಿಮಾನಗಳಲ್ಲಿ ಎಷ್ಟೋ ಸಲ ರೆಕ್ಕೆ ಒಂದರದ್ದು, ಬಾಲ ಇನ್ನೊಂದರದ್ದು, ಬಣ್ಣ ಮೂರನೆಯದರದ್ದು. ನಮ್ಮ ವಾಯುಪಡೆಯ 7 ಮತ್ತು 8ನೇ ಸ್ಕ್ವಾಡ್ರನ್‌ಗಳು ಬರ್ಮಾ ಗಡಿಯಲ್ಲಿ ಹಾರಿಸಿದ ವೆಂಜಿಯನ್ಸ್ ಡೈವ್ ಬಾಂಬರ್‌ಗಳನ್ನು ಹುಡುಕುವವರೂ ಕಾಗದದಿಂದಲೇ ಶುರು ಮಾಡಬೇಕು. ಸ್ಕ್ವಾಡ್ರನ್ನಿನ ಆಪರೇಷನ್ಸ್ ರೆಕಾರ್ಡ್ ಬುಕ್, ಅಂದರೆ ದಿನದಿನದ ಕಾರ್ಯಾಚರಣೆ ಬರೆದಿಟ್ಟ ಪುಸ್ತಕ, ಮೊದಲು ನೋಡಿ.

ನಿಮ್ಮ ಫೋಟೋದ ಬಾಲದ ಭಾಗವನ್ನಷ್ಟೇ ದೊಡ್ಡದಾಗಿ ಸ್ಕ್ಯಾನ್ ಮಾಡಿ ಇಲ್ಲಿ ಹಾಕಿ. ಅಂಕಿ ಅರ್ಧಂಬರ್ಧ ಕಂಡರೂ ಪರವಾಗಿಲ್ಲ, ಓದೋಕೆ ಪ್ರಯತ್ನಿಸುತ್ತೇನೆ.