ಕರೆಂಟ್ ಹೋದರೆ ಗ್ಯಾಸೂ ಹೋಗುತ್ತೆ, ಏನ್ಮಾಡೋದು?

(ಓದುಗರ ಪ್ರಶ್ನೆ, ಫಿಟ್ಟರ್ ಉತ್ತರ)

ಪ್ರಶ್ನೆ: ನಮ್ಮದೊಂದು ದರ್ಶಿನಿ ಇದೆ. ಹೋದ ವರ್ಷ ಒಲೆಗಳ ಮೇಲಿನ ಹುಡ್‌ಗೆ (ಹೊಗೆ ಹೀರುವ ಗೂಡಿಗೆ) ಬೆಂಕಿ ಆರಿಸುವ ಸಿಸ್ಟಂ ಹಾಕಿಸಿದೆವು. ಅದರ ಜೊತೆ ಗ್ಯಾಸ್ ಪೈಪಿಗೆ ಆಟೋಮ್ಯಾಟಿಕ್ ವಾಲ್ವ್ ಕೂರಿಸಿದ್ದಾರೆ. ಕರೆಂಟ್ ಹೋದಾಗಲೆಲ್ಲ ಅದು ಮುಚ್ಚಿಕೊಳ್ಳುತ್ತದೆ. ಬೆಳಗಿನ ರಷ್‌ನಲ್ಲಿ ದೋಸೆ ಕಲ್ಲು ತಣ್ಣಗಾಗುತ್ತದೆ, ಗಿರಾಕಿಗಳು ಎದ್ದು ಹೋಗುತ್ತಾರೆ. ಕರೆಂಟ್ ಬಂದ ಮೇಲೂ ತಾನಾಗಿ ತೆರೆಯುವುದಿಲ್ಲ, ಯಾರಾದರೂ ಹೋಗಿ ರೀಸೆಟ್ ಮಾಡಬೇಕು. ಪಕ್ಕದಲ್ಲೊಂದು ಬೈಪಾಸ್ ಪೈಪ್, ಅಂದರೆ ವಾಲ್ವ್ ತಪ್ಪಿಸಿ ಗ್ಯಾಸ್ ಹೋಗುವ ಪೈಪ್, ಎಳೆದುಕೊಡ್ತೀನಿ ಅಂತ ಪ್ಲಂಬರ್ ಹೇಳುತ್ತಿದ್ದಾನೆ. ಹಾಕಿಸಬಹುದಾ?
(ಹೋಟೆಲ್ ಮಾಲೀಕರು, ದಾವಣಗೆರೆ)

ಉತ್ತರ: ಬೇಡ ಸಾರ್. ನಿಮ್ಮ ಸಂಕಟ ಅರ್ಥವಾಗುತ್ತದೆ. ನಿಮ್ಮೂರಲ್ಲಿ ಸೌದೆ ಒಲೆ ಮೇಲೆ ಬೆಣ್ಣೆ ದೋಸೆ ಹಾಕುವವರಿಗೆ ಈ ತಲೆನೋವಿಲ್ಲ. ಅವರ ಚಿಮಣಿಯಲ್ಲಿ ಕಟ್ಟುವ ಮಸಿ ಬೇರೆಯೇ ತಲೆನೋವು, ಅದಿರಲಿ. ಆದರೆ ನಿಮ್ಮ ವಾಲ್ವ್ ಕೆಟ್ಟಿಲ್ಲ. ಅದು ಮಾಡಬೇಕಾದ್ದನ್ನೇ ಮಾಡುತ್ತಿದೆ.

ಬೆಂಕಿ ಬಿದ್ದಾಗ ಹುಡ್‌ನ ನಾಜಲ್‌ಗಳಿಂದ ಬರುವುದು ಬರೀ ನೀರಲ್ಲ, ಪೊಟ್ಯಾಶಿಯಂ ಲವಣ ಕರಗಿಸಿದ ದ್ರಾವಣ. ಕಾದ ಎಣ್ಣೆ ಜೊತೆ ಸೇರಿದರೆ ಅದು ಸಾಬೂನು ನೊರೆಯಾಗುತ್ತದೆ. ನೊರೆ ಎಣ್ಣೆಯನ್ನು ಮುಚ್ಚಿ ಗಾಳಿ ತಪ್ಪಿಸುತ್ತದೆ. ಸರಿ, ಆದರೆ ನೊರೆ ಎಷ್ಟು ಹೊತ್ತು ನಿಲ್ಲುತ್ತೆ? ಅಡುಗೆ ಎಣ್ಣೆ ಹೆಚ್ಚುಕಡಿಮೆ 350 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕಿಡಿಯೇ ಬೇಡ, ತಾನಾಗಿ ಹೊತ್ತಿಕೊಳ್ಳುತ್ತದೆ. ಬಾಣಲೆ ಕೆಳಗೆ ಬರ್ನರ್ ಉರಿಯುತ್ತಲೇ ಇದ್ದರೆ ಎಣ್ಣೆ ಆರುವುದೆಲ್ಲಿ? ನೊರೆ ಒಡೆಯುತ್ತೆ, ಬೆಂಕಿ ಮತ್ತೆ ಏಳುತ್ತೆ. ಅಷ್ಟೊತ್ತಿಗೆ ಟ್ಯಾಂಕಿನಲ್ಲಿದ್ದ ದ್ರಾವಣ ಖಾಲಿ. ಎರಡನೇ ಸಲಕ್ಕೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಗ್ಯಾಸ್ ನಿಲ್ಲದಿದ್ದರೆ ಸಿಸ್ಟಂ ಅರ್ಧ ಮಾತ್ರ ಇದ್ದ ಹಾಗೆ.

ಅಮೆರಿಕದ ಎನ್‌ಎಫ್‌ಪಿಎ 96 ಅನ್ನುವ ನಿಯಮ ಪುಸ್ತಕವೂ ಇದನ್ನೇ ಹೇಳುತ್ತದೆ. ಸಿಸ್ಟಂ ಶುರುವಾದ ಕೂಡಲೇ ಹುಡ್ ಕೆಳಗಿನ ಒಲೆಗಳ ಗ್ಯಾಸೂ ನಿಲ್ಲಬೇಕು, ಕರೆಂಟ್ ಫ್ರೈಯರ್ ಇದ್ದರೆ ಅದೂ ನಿಲ್ಲಬೇಕು. ಮತ್ತೆ ಶುರು ಮಾಡುವುದು ಮಾತ್ರ ಕೈಯಲ್ಲೇ.

ಕೈಯಲ್ಲೇ ಯಾಕೆ? ಕರೆಂಟ್ ಹೋಯಿತು, ವಾಲ್ವ್ ಮುಚ್ಚಿತು, ಒಲೆ ಆರಿತು ಅಂದುಕೊಳ್ಳಿ. ನಿಮ್ಮ ಹುಡುಗ ನಾಬ್ ತಿರುಗಿಸದೆ ಟೀ ಕುಡಿಯೋಕೆ ಹೋದ. ಕರೆಂಟ್ ಬಂದ ತಕ್ಷಣ ವಾಲ್ವ್ ತಾನೇ ತೆರೆದರೆ ಎಲ್ಲ ಬರ್ನರ್‌ಗಳಿಂದಲೂ ಗ್ಯಾಸ್ ಸುಮ್ನೆ ಹರಿಯುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಕ್ಕಿಳಿದು ಗ್ರೈಂಡರ್ ಅಡಿ, ಫ್ರಿಜ್ ಅಡಿ ಸೇರಿಕೊಳ್ಳುತ್ತದೆ. ಗಾಳಿಯಲ್ಲಿ ಸುಮಾರು ನೂರಕ್ಕೆ ಎರಡು ಪಾಲು ಬೆರೆತರೂ ಹೊತ್ತಿಕೊಳ್ಳಲು ಸಾಕು. ಆಗ ಯಾರಾದರೂ ಗ್ರೈಂಡರ್ ಸ್ವಿಚ್ ಒತ್ತಿದರೆ? ಹಾಗಾಗಿ ರೀಸೆಟ್ ಮಾಡುವವರು ಮೊದಲು ಎಲ್ಲ ನಾಬ್ ಮುಚ್ಚಿದೆಯಾ ಅಂತ ಒಂದು ಸುತ್ತು ನೋಡಲೇಬೇಕು.

ಈಗ ನಿಮ್ಮ ತೊಂದರೆಗೆ ಬರೋಣ. ಆ ವಾಲ್ವ್ ಒಳಗೊಂದು ಕಾಯಿಲ್ ಇದೆ. ಕರೆಂಟ್ ಇರುವವರೆಗೆ ಅದು ಬಾಗಿಲನ್ನು ಎತ್ತಿ ಹಿಡಿದಿರುತ್ತದೆ, ಹೋದರೆ ಸ್ಪ್ರಿಂಗ್ ಟಕ್ ಅಂತ ಮುಚ್ಚುತ್ತದೆ. ಆ ಕಾಯಿಲ್‌ಗೆ ಯುಪಿಎಸ್‌ನಿಂದ ಲೈನ್ ಕೊಡಿಸಿ, ಮುಗಿಯಿತು. ಒಂದೇ ಷರತ್ತು. ಆ ಲೈನ್ ಬೆಂಕಿ ಸಿಸ್ಟಂನ ಮೈಕ್ರೋ ಸ್ವಿಚ್ (ಸಿಸ್ಟಂ ಶುರುವಾದ ಕೂಡಲೇ ಕರೆಂಟ್ ಕಡಿಯುವ ಸಣ್ಣ ಸ್ವಿಚ್) ಮೂಲಕವೇ ಹೋಗಬೇಕು. ಯುಪಿಎಸ್‌ನಿಂದ ನೇರ ವಾಲ್ವಿಗೆ ಎಳೆದರೆ ಬೆಂಕಿ ಬಿದ್ದಾಗಲೂ ಅದು ತೆರೆದೇ ಇರುತ್ತದೆ. ಪ್ಲಂಬರ್ ಬೈಪಾಸ್‌ಗೂ ಇದಕ್ಕೂ ವ್ಯತ್ಯಾಸವೇ ಇರಲ್ಲ. ಕರೆಂಟ್ ಸಹವಾಸವೇ ಬೇಡ ಅಂದರೆ ಕೇಬಲ್ ಎಳೆತದಿಂದ ಮುಚ್ಚುವ ಮೆಕ್ಯಾನಿಕಲ್ ವಾಲ್ವ್ ಸಿಗುತ್ತದೆ. ನನಗೆ ಅದೇ ಇಷ್ಟ, ಕೆಡುವುದು ಕಡಿಮೆ. ಇನ್ನೊಂದು ವಿಷಯ: ಕರೆಂಟ್ ಹೋದಾಗ ನಿಮ್ಮ ಎಕ್ಸಾಸ್ಟ್ ಫ್ಯಾನೂ ನಿಂತಿರುತ್ತದೆ ಅಲ್ವಾ? ಫ್ಯಾನ್ ಇಲ್ಲದೆ ಅಷ್ಟು ಬರ್ನರ್ ಉರಿಸುವುದು ಒಳಗಿರುವವರ ಉಸಿರಿಗೆ ಒಳ್ಳೆಯದಲ್ಲ. ಜನರೇಟರ್ ಇದ್ದರೆ ಫ್ಯಾನನ್ನೂ ಅದಕ್ಕೆ ಹಾಕಿಸಿ.

ಆರು ತಿಂಗಳಿಗೊಮ್ಮೆ ಸರ್ವಿಸ್‌ನವರು ಬಂದಾಗ ಗೇಜ್ ನೋಡಿ, ಟ್ಯಾಗ್‌ಗೆ ಸಹಿ ಹಾಕಿ, ಕಾಫಿ ಕುಡಿದು ಹೋಗಲು ಬಿಡಬೇಡಿ. ಒಂದು ಬರ್ನರ್ ಹೊತ್ತಿಸಿಡಿ. ಅವರು ಕಾರ್ಟ್ರಿಜ್ (ದ್ರಾವಣ ಹೊರಬರುವಂತೆ ಮಾಡುವ, ಒತ್ತಡದ ಅನಿಲ ತುಂಬಿದ ಸಣ್ಣ ಡಬ್ಬಿ) ಬಿಚ್ಚಿಟ್ಟು ಸಿಸ್ಟಂ ಟ್ರಿಪ್ ಮಾಡಿ, ಅಂದರೆ ಬೆಂಕಿ ಬಿದ್ದಂತೆ ಶುರು ಮಾಡಿ ತೋರಿಸಲಿ. ಬಿಚ್ಚದಿದ್ದರೆ ದ್ರಾವಣವೆಲ್ಲ ನಿಮ್ಮ ಕಲ್ಲಿನ ಮೇಲೆ. ಉರಿ ಕೂಡಲೇ ಹೋಗುವುದಿಲ್ಲ. ವಾಲ್ವಿನಿಂದ ಒಲೆವರೆಗಿನ ಪೈಪಿನಲ್ಲಿ ಉಳಿದ ಗ್ಯಾಸ್ ತೀರುವವರೆಗೆ ಕುಗ್ಗುತ್ತಾ ಹೋಗಿ ಆರುತ್ತದೆ. ಆರದಿದ್ದರೆ ಬಿಲ್ ಕೊಡಬೇಡಿ.

ಹಾಗೇ ಹುಡ್ ಒಳಗೆ ತಲೆ ಹಾಕಿ ಮೇಲೆ ನೋಡಿ. ಸಣ್ಣ ತಂತಿಯೊಂದರ ನಡುವೆ ಎರಡು ಲೋಹದ ಪಟ್ಟಿ ಬೆಸೆದಿರುತ್ತವೆ. ಅದೇ ಲಿಂಕ್. ಬಿಸಿಗೆ ಬೆಸುಗೆ ಕರಗಿ ಪಟ್ಟಿಗಳು ಬಿಟ್ಟುಕೊಂಡರೆ ತಂತಿ ಸಡಿಲವಾಗಿ ಸಿಸ್ಟಂ ಶುರುವಾಗುತ್ತದೆ. ಎಷ್ಟು ಡಿಗ್ರಿಗೆ ಕರಗುತ್ತದೆ ಅಂತ ಅದರ ಮೇಲೆ ಒತ್ತಿರುತ್ತಾರೆ. ನಾನು ಹೋಗುವ ಎಷ್ಟೋ ಅಡುಗೆಮನೆಗಳಲ್ಲಿ ಆ ಅಂಕಿ ಓದೋಕೇ ಆಗಲ್ಲ, ಅಷ್ಟು ಜಿಡ್ಡು. ಜಿಡ್ಡು ಕಟ್ಟಿದ ಲಿಂಕ್ ತಡವಾಗಿ ಕರಗುತ್ತದೆ. ಕೆರೆದು ಒರೆಸುವ ಗೋಜಿಗೆ ಹೋಗದೆ ಹೊಸದು ಹಾಕಿಸಿ.

ಪ್ರಶ್ನೆ: ನಾನು ಕ್ಯಾಂಟೀನಿನಲ್ಲಿ ಬಜ್ಜಿ ಕರಿಯುವವನು. ಬಾಣಲೆಗೆ ಬೆಂಕಿ ಹತ್ತಿದರೆ ಒದ್ದೆ ಗೋಣಿಚೀಲ ಎಸೆಯಬೇಕು ಅಂತಾರೆ. ಸರಿನಾ?
(ಅಡುಗೆಯವರು, ಹುಬ್ಬಳ್ಳಿ)

ಉತ್ತರ: ಖಂಡಿತ ಬೇಡ ಅಣ್ಣ. ನೀರು ಎಣ್ಣೆಗಿಂತ ಭಾರ, ತಳಕ್ಕಿಳಿದು ಒಂದೇ ಏಟಿಗೆ ಆವಿಯಾಗಿ ಉರಿಯುವ ಎಣ್ಣೆಯನ್ನು ಮೇಲಕ್ಕೆ ಎಸೆಯುತ್ತದೆ. ನೀರು ತೊಟ್ಟಿಕ್ಕುವ ಚೀಲವೂ ಅಷ್ಟೇ. ಕೈಗೆ ಸಿಕ್ಕಿದರೆ ನಾಬ್ ಆರಿಸಿ, ಬಾಣಲೆಗಿಂತ ಅಗಲದ ತಟ್ಟೆಯನ್ನು ನಿಮ್ಮ ಕಡೆಯಿಂದ ಜಾರಿಸಿ ಮುಚ್ಚಿ. ಎಣ್ಣೆ ಪೂರ್ತಿ ತಣ್ಣಗಾಗುವವರೆಗೆ ತೆಗೆಯಬೇಡಿ. ಬಾಣಲೆ ಎತ್ತಿಕೊಂಡು ಹೊರಗೆ ಓಡಲೇಬೇಡಿ. ಹುಡ್ ಸಿಸ್ಟಂ ಇದ್ದರೆ ಹೊರಹೋಗುವ ದಾರಿಯಲ್ಲಿ ಕೈಯಲ್ಲಿ ಎಳೆಯುವ ಹಿಡಿ ಇರುತ್ತದೆ. ಅದನ್ನು ಎಳೆದರೆ ಗ್ಯಾಸೂ ನಿಲ್ಲುತ್ತದೆ. ಅದರ ಮುಂದೆ ಈರುಳ್ಳಿ ಮೂಟೆ ಇಡಬೇಡಿ ಅಂತ ಮೇಸ್ತ್ರಿಗೆ ಹೇಳಿ.

ಪ್ರಶ್ನೆ: ಮನೆಗೆ ಗ್ಯಾಸ್ ಲೀಕ್ ಅಲಾರಂ ತಂದಿದ್ದೇವೆ. ಎಲ್ಲಿ ಹಾಕಬೇಕು?
(ಗೃಹಿಣಿ, ಬೆಂಗಳೂರು)

ಉತ್ತರ: ನಿಮ್ಮದು ಸಿಲಿಂಡರ್ ಆದರೆ ನೆಲದಿಂದ ಒಂದಡಿ ಎತ್ತರದೊಳಗೆ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಆದರೆ ಚಾವಣಿ ಹತ್ತಿರ, ಅದು ಗಾಳಿಗಿಂತ ಹಗುರ. ಡಬ್ಬಿಯ ಮೇಲೆ ಯಾವ ಗ್ಯಾಸಿನದು ಅಂತ ಬರೆದಿರುತ್ತದೆ, ಮೊಳೆ ಹೊಡೆಯುವ ಮುಂಚೆ ಓದಿ.