ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾಲಂ ತುಂಬಿದವರ ಪಾಲೆಷ್ಟು?

ಪ್ರಶ್ನೆ: ನಾನು ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಯುದ್ಧ, ನರಮೇಧಗಳ ಚರಿತ್ರೆಯನ್ನು ಓದುವಾಗಲೆಲ್ಲ ‘ಇದರಿಂದ ಪಾಠ ಕಲಿಯಬೇಕು’ ಎಂಬ ಮಾತು ಎದುರಾಗುತ್ತದೆ. ಆ ಪಾಠ ಆಳುವವರಿಗೂ ಸೇನಾಧಿಪತಿಗಳಿಗೂ ಸಲ್ಲಬೇಕಾದದ್ದಲ್ಲವೇ? ಕಡತ ನೋಡಿಕೊಂಡು, ಕಾಲಂ ತುಂಬಿಕೊಂಡು ಬದುಕಿದ ನನ್ನಂಥವನಿಗೆ ಅದರಲ್ಲಿ ಏನಿದೆ?

ಉತ್ತರ: ನಿಮ್ಮ ಪತ್ರದಲ್ಲಿ ‘ಕಾಲಂ’ ಎಂಬ ಮಾತನ್ನು ಕಂಡೊಡನೆ ನನಗೆ ರುವಾಂಡಾದ ಗುರುತಿನ ಚೀಟಿ ನೆನಪಾಯಿತು. ಬೆಲ್ಜಿಯಂನವರು ಆ ನಾಡನ್ನು ಆಳುತ್ತಿದ್ದ 1930ರ ದಶಕದಲ್ಲಿ, ಚೀಟಿ ಹೊಂದಿದವನು ಹುಟು, ಟುಟ್ಸಿ, ಟ್ವಾ ಈ ಮೂರರಲ್ಲಿ ಯಾವ ಸಮುದಾಯಕ್ಕೆ ಸೇರಿದವನು ಎಂದು ಅದರಲ್ಲಿ ನಮೂದಿಸುವ ಪದ್ಧತಿ ಶುರುವಾಯಿತು. 1962ರಲ್ಲಿ ಸ್ವಾತಂತ್ರ್ಯ ಬಂದ ಮೇಲೂ ಆ ಕಾಲಂ ಹಾಗೆಯೇ ಉಳಿಯಿತು. ಅದನ್ನು ತುಂಬಿದ ಗುಮಾಸ್ತರೆಲ್ಲ ದ್ವೇಷದಿಂದ ತುಂಬಿದರು ಎಂದು ಹೇಳಲು ಯಾವ ಕಾರಣವೂ ಇಲ್ಲ. ಕೆಲಸ ಎಂದು ಬರೆದರು, ಮುದ್ರೆ ಒತ್ತಿದರು, ಮುಂದಿನವರನ್ನು ಕರೆದರು. 1994ರ ಏಪ್ರಿಲ್‌ನಲ್ಲಿ ರಸ್ತೆಗೆ ಅಡ್ಡಗಟ್ಟಿ ಮಚ್ಚು ಹಿಡಿದು ನಿಂತ ಹುಟು ಉಗ್ರರು ದಾರಿಹೋಕರಿಂದ ಕೇಳಿದ್ದು ಆ ಚೀಟಿಯನ್ನೇ. ಟುಟ್ಸಿ ಎಂದು ಬರೆದಿದ್ದರೆ ಅಲ್ಲಿಗೆ ಮುಗಿಯಿತು. ಸುಮಾರು 100 ದಿನಗಳಲ್ಲಿ 8 ಲಕ್ಷದಷ್ಟು ಜನ ಸತ್ತರು. ಅದಕ್ಕೂ ಮೊದಲು ತಿಂಗಳುಗಟ್ಟಲೆ ಒಂದು ರೇಡಿಯೊ ಕೇಂದ್ರ ಟುಟ್ಸಿಗಳನ್ನು ಜಿರಲೆಗಳೆಂದು ಕರೆದು ಕಿವಿಗಳನ್ನು ಆ ಮಾತಿಗೆ ಒಗ್ಗಿಸಿತ್ತು. ಆದರೆ ಯಾರನ್ನು ಕೊಲ್ಲಬೇಕೆಂಬುದನ್ನು ಕ್ಷಣದಲ್ಲಿ ತೋರಿಸಿಕೊಟ್ಟದ್ದು ಎಂದೋ ತುಂಬಿಟ್ಟಿದ್ದ ಒಂದು ಕಾಲಂ.

ಇದೇ ಮಾತನ್ನು ಇನ್ನೊಂದು ದಿಕ್ಕಿನಿಂದ ನೋಡಬಹುದು. ನಾಜಿಗಳು ನೆದರ್ಲೆಂಡ್ಸ್ ದೇಶವನ್ನು ವಶಪಡಿಸಿಕೊಂಡಾಗ ಅಲ್ಲಿನ ಜನಸಂಖ್ಯಾ ದಾಖಲೆಗಳು ಬಹಳ ಅಚ್ಚುಕಟ್ಟಾಗಿದ್ದವು. ಆ ಅಚ್ಚುಕಟ್ಟುತನವೇ ಯೆಹೂದಿಗಳನ್ನು ಮನೆ ಮನೆಯಿಂದ ಹುಡುಕಿ ತೆಗೆಯಲು ಒದಗಿಬಂತು. ಅಲ್ಲಿದ್ದ ಸುಮಾರು 1,40,000 ಯೆಹೂದಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೊಲೆಯಾದರು. 1943ರ ಮಾರ್ಚ್ 27ರ ರಾತ್ರಿ, ಚಿತ್ರಕಲಾವಿದ ವಿಲ್ಲೆಮ್ ಆರೊಂಡೇಯುಸ್ ಮತ್ತು ಅವರ ಸಂಗಡಿಗರು ಪೊಲೀಸರ ಉಡುಪು ತೊಟ್ಟು ಆಮ್‌ಸ್ಟರ್‌ಡ್ಯಾಮ್‌ನ ನೋಂದಣಿ ಕಚೇರಿಯೊಳಗೆ ಹೊಕ್ಕು, ಕಾವಲುಗಾರರಿಗೆ ಮಂಪರು ಬರಿಸಿ, ಯಾರ ಪ್ರಾಣಕ್ಕೂ ಅಪಾಯವಾಗದಂತೆ ಅವರನ್ನು ಹೊರಗೆ ಸಾಗಿಸಿ, ಕಾರ್ಡುಗಳ ರಾಶಿಗೆ ಬೆಂಕಿ ಇಟ್ಟರು. ಅಗ್ನಿಶಾಮಕ ದಳದವರು ಬೇಕೆಂದೇ ತಡವಾಗಿ ಬಂದರು. ಬಂದವರು ಬೆಂಕಿ ಆರಿಸಲು ಬೇಕಾದದ್ದಕ್ಕಿಂತ ಹೆಚ್ಚು ನೀರು ಸುರಿದು, ಸುಡದೆ ಉಳಿದ ಕಾಗದವನ್ನೂ ಕೆಡಿಸಿದರು. ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತಿರುವುದು ಈ ನೀರು. ಆರೊಂಡೇಯುಸ್ ಸೇರಿ 12 ಜನರನ್ನು ಆ ವರ್ಷದ ಜುಲೈ 1ರಂದು ಗುಂಡಿಟ್ಟು ಕೊಂದರು. ಅಂಥ ಧೈರ್ಯವನ್ನು ಎಲ್ಲರಿಂದಲೂ ನಿರೀಕ್ಷಿಸಲು ಬರುವುದಿಲ್ಲ. ಆದರೆ ಕೊಳವೆ ಹಿಡಿದ ನೌಕರನಿಗೂ ಆ ರಾತ್ರಿ ಮಾಡಲು ಏನೋ ಒಂದಿತ್ತು, ಅದನ್ನು ಅವನು ತನ್ನ ಕೆಲಸದೊಳಗೇ ಇದ್ದುಕೊಂಡು ಮಾಡಿದ.

ದಾಖಲೆ ಇಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಬರೆಯುವ ಕೈಯೇ ಉಳಿಸಿದ್ದೂ ಉಂಟು. 1940ರ ಬೇಸಿಗೆಯಲ್ಲಿ ಲಿಥುವೇನಿಯಾದ ಕೌನಾಸ್ ನಗರದಲ್ಲಿದ್ದ ಜಪಾನಿನ ರಾಯಭಾರ ಅಧಿಕಾರಿ ಚಿಯುನೆ ಸುಗಿಹಾರ, ತಮ್ಮ ಸರ್ಕಾರ ಅನುಮತಿ ನಿರಾಕರಿಸಿದ ಮೇಲೂ, ಬಾಗಿಲಲ್ಲಿ ಕಾದಿದ್ದ ಯೆಹೂದಿ ನಿರಾಶ್ರಿತರಿಗಾಗಿ ವಾರಗಟ್ಟಲೆ ಕೈಯಿಂದಲೇ 2,000ಕ್ಕೂ ಹೆಚ್ಚು ವೀಸಾಗಳನ್ನು ಬರೆದುಕೊಟ್ಟರು. ಆದ್ದರಿಂದ ನಿಮ್ಮಂಥವರಿಗೆ ಅದರಲ್ಲಿ ಏನಿದೆ ಎಂದರೆ, ಬಹುಶಃ ಸೇನಾಧಿಪತಿಗಿಂತ ಹೆಚ್ಚಿನದೇ ಇದೆ. ಹೊಸ ಕಾಲಂ ಒಂದು ನಮೂನೆಯಲ್ಲಿ ಕಾಣಿಸಿಕೊಂಡ ದಿನ, ಇದು ಯಾರಿಗೆ ಬೇಕು, ಯಾವುದಕ್ಕೆ ಬೇಕು, ನನ್ನದೇ ಮನೆಯವರ ಹೆಸರಿನ ಮುಂದೆ ಇದನ್ನು ಬರೆಯಲು ನನ್ನ ಕೈ ಏಳುತ್ತದೆಯೇ ಎಂದು ಕೇಳಲು ಸಾಧ್ಯವಿರುವವನು ಗುಮಾಸ್ತನೇ. ಆ ದಿನ ಹಾಗೆ ಕೇಳಿದರೆ ಮೇಲಧಿಕಾರಿಯ ಮುನಿಸು ಬರಬಹುದು, ವರ್ಗಾವಣೆಯಾಗಬಹುದು. ರಸ್ತೆಯಲ್ಲಿ ಮಚ್ಚುಗಳು ಬಂದ ಮೇಲೆ ಕೇಳಿದರೆ ಪ್ರಾಣವನ್ನೇ ತೆರಬೇಕಾಗುತ್ತದೆ.

ಪ್ರಶ್ನೆ: ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುತ್ತೇನೆ. ನಾಜಿಗಳ ನರಮೇಧದ ಪಾಠ ಮಾಡುವಾಗ, ‘ಆಜ್ಞೆ ಮೀರಿದ್ದರೆ ಆ ಸೈನಿಕರನ್ನೇ ಕೊಲ್ಲುತ್ತಿದ್ದರಲ್ಲವೇ? ಅವರ ತಪ್ಪೇನು?’ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಾಗ ನನಗೆ ಉತ್ತರ ತೋಚಲಿಲ್ಲ.

ಉತ್ತರ: ಆಕೆಗೆ 1942ರ ಜುಲೈ 13ರ ಬೆಳಗಿನ ಜಾವದ ಕಥೆಯನ್ನು ಹೇಳಿ. ಪೋಲೆಂಡಿನ ಯೂಜೆಫೂವ್ ಎಂಬ ಊರಿನ ಹೊರಗೆ, ಜರ್ಮನಿಯ 101ನೇ ಮೀಸಲು ಪೊಲೀಸ್ ಪಡೆಯ ಸುಮಾರು 500 ಜನ ತಮ್ಮ ಮೇಜರ್ ವಿಲ್ಹೆಲ್ಮ್ ಟ್ರಾಪ್ ಅವರ ಸುತ್ತ ನಿಂತಿದ್ದರು. ಹೆಚ್ಚಿನವರು ಹ್ಯಾಂಬರ್ಗ್‌ನ ಬಂದರು ಕೆಲಸಗಾರರು, ಲಾರಿ ಚಾಲಕರು, ಗುಮಾಸ್ತರು, ನಡುವಯಸ್ಸಿನ ಸಂಸಾರಸ್ಥರು. ಊರಿನ ಯೆಹೂದಿ ಹೆಂಗಸರನ್ನೂ ಮಕ್ಕಳನ್ನೂ ಮುದುಕರನ್ನೂ ಗುಂಡಿಟ್ಟು ಕೊಲ್ಲಬೇಕೆಂದು ಹೇಳುವಾಗ ಟ್ರಾಪ್ ಕಣ್ಣಲ್ಲಿ ನೀರಿತ್ತು. ಹೇಳಿ ಮುಗಿಸಿ, ವಯಸ್ಸಾದವರಲ್ಲಿ ಇದು ತನ್ನಿಂದಾಗದು ಎನ್ನುವವರು ಈಗಲೇ ಮುಂದೆ ಬರಬಹುದು ಎಂದರು. ಹತ್ತು ಹನ್ನೆರಡು ಜನ ಮುಂದೆ ಬಂದು ಬಂದೂಕು ಒಪ್ಪಿಸಿದರು. ಅವರಿಗೆ ಶಿಕ್ಷೆಯಾಗಲಿಲ್ಲ. ಆ ಬಳಿಕ, ದಿನದ ನಡುವೆ ತಮ್ಮಿಂದಾಗದೆಂದು ಬಿಡುಗಡೆ ಕೇಳಿದವರಿದ್ದರು, ಮನೆ ಶೋಧಿಸುವ ನೆಪದಲ್ಲಿ ಹೊತ್ತು ಕಳೆದವರಿದ್ದರು. ಉಳಿದವರು ಸಂಜೆಯವರೆಗೆ ಸುಮಾರು 1,500 ಜನರನ್ನು ಕೊಂದರು. ಯುದ್ಧಾನಂತರದ ವಿಚಾರಣೆಗಳಲ್ಲಿ, ನಿರಾಯುಧರನ್ನು ಕೊಲ್ಲಲು ಒಪ್ಪದ್ದಕ್ಕೆ ಘೋರ ಶಿಕ್ಷೆಯಾದ ಒಂದೇ ಒಂದು ಪ್ರಕರಣವನ್ನೂ ಆರೋಪಿಗಳ ಪರ ವಕೀಲರಿಂದ ತೋರಿಸಲಾಗಲಿಲ್ಲ.

ಹಾಗಾದರೆ ಅವರನ್ನು ಸಾಲಿನಲ್ಲಿ ಹಿಡಿದು ನಿಲ್ಲಿಸಿದ್ದು ಯಾವುದು? ಜೊತೆಗಾರರ ಮುಂದೆ ಹೇಡಿ ಎನಿಸಿಕೊಳ್ಳುವ ಸಂಕೋಚ, ಎಲ್ಲರೂ ಮಾಡುವ ಕೆಲಸವನ್ನು ತಾನೊಬ್ಬನೇ ತಪ್ಪಿಸಿಕೊಂಡನೆಂಬ ಮಾತಿನ ಹೆದರಿಕೆ. ತರಗತಿಯಲ್ಲಿ ದುರ್ಬಲನಾದ ಹುಡುಗನೊಬ್ಬನನ್ನು ಎಲ್ಲರೂ ಸೇರಿ ಪೀಡಿಸುವಾಗ ಸುಮ್ಮನೆ ನಿಲ್ಲುವ ಮಕ್ಕಳನ್ನು ಹಿಡಿದಿಡುವುದೂ ಅದೇ ಸಂಕೋಚ, ಆದ್ದರಿಂದ ನಿಮ್ಮ ವಿದ್ಯಾರ್ಥಿನಿಗೆ ಅದು ಅರ್ಥವಾಗುತ್ತದೆ. ಒಂದು ಭೇದವನ್ನು ಮಾತ್ರ ತಪ್ಪದೆ ತಿಳಿಸಬೇಕು: ನಾಜಿ ಶಿಬಿರಗಳಲ್ಲಿ ಕೊಲೆಯ ಬೆದರಿಕೆಯಡಿ ಹೆಣ ಹೊತ್ತ ಕೈದಿಗಳಿಗೆ ನಿಜಕ್ಕೂ ಬೇರೆ ದಾರಿ ಇರಲಿಲ್ಲ, ಅವರನ್ನೂ ಟ್ರಾಪ್‌ನ ಪೊಲೀಸರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಅಮೆರಿಕದ ಸೈನಿಕರು ನಿರಾಯುಧ ಹಳ್ಳಿಗರನ್ನು ಕೊಂದ ವಿಯೆಟ್ನಾಂನ ಮೈ ಲಾಯ್ ಹತ್ಯಾಕಾಂಡವನ್ನೂ ಜೊತೆಗಿಟ್ಟು ಕಲಿಸಿ. 1968ರ ಮಾರ್ಚ್ 16ರಂದು ಅಮೆರಿಕದ ಹೆಲಿಕಾಪ್ಟರ್ ಚಾಲಕ ಹ್ಯೂ ಥಾಂಪ್ಸನ್ ತಮ್ಮದೇ ಸೇನೆಯವರಿಗೂ ಓಡುತ್ತಿದ್ದ ಹಳ್ಳಿಗರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿ, ಹಳ್ಳಿಗರ ಮೇಲೆ ಗುಂಡು ಹಾರಿದರೆ ನಮ್ಮವರ ಮೇಲೆಯೇ ಹಾರಿಸಿ ಎಂದು ತಮ್ಮ ಇಬ್ಬರು ಸಂಗಡಿಗರಿಗೆ ಹೇಳಿದರು. ಅವರಲ್ಲೊಬ್ಬರಾದ ಗ್ಲೆನ್ ಆಂಡ್ರಿಯೋಟಾ ಹೆಣ ತುಂಬಿದ ಕಾಲುವೆಗಿಳಿದು ಜೀವವಿದ್ದ ಒಂದು ಮಗುವನ್ನು ಎತ್ತಿ ತಂದರು. ಥಾಂಪ್ಸನ್‌ಗೆ ವರ್ಷಗಟ್ಟಲೆ ಸಿಕ್ಕಿದ್ದು ನಿಂದೆ, ಕೊಲೆ ಬೆದರಿಕೆ. ಆ ದಿನದ ಸಾಹಸಕ್ಕೆ ತಕ್ಕ ಪದಕ ಬಂದದ್ದು 1998ರಲ್ಲಿ. ‘ಒಳ್ಳೆಯದನ್ನು ಮಾಡಿದರೆ ಒಳ್ಳೆಯದಾಗುತ್ತದೆ’ ಎಂದು ಮಕ್ಕಳಿಗೆ ಸುಳ್ಳು ಭರವಸೆ ಕೊಡಬೇಡಿ. 30 ವರ್ಷ ಕಾದ ಆ ಮನುಷ್ಯನನ್ನು ಇದ್ದ ಹಾಗೆ ತೋರಿಸಿ.

ಪ್ರಶ್ನೆ: ಹಳೆಯ ಗಾಯಗಳನ್ನು ಕೆದಕಿದರೆ ದ್ವೇಷವೇ ಬೆಳೆಯುವುದಿಲ್ಲವೇ? ಮರೆಯುವುದೇ ಮೇಲಲ್ಲವೇ?

ಉತ್ತರ: ನಿಮ್ಮ ಆತಂಕದಲ್ಲಿ ಸತ್ಯವಿದೆ. 1995ರ ಜುಲೈ 11ರಂದು ಬೋಸ್ನಿಯಾದ ಸ್ರೆಬ್ರೆನಿತ್ಸಾ ಪಟ್ಟಣವನ್ನು ಹೊಕ್ಕ ಸರ್ಬ್ ಸೇನಾಧಿಪತಿ ರಾಟ್ಕೊ ಮ್ಲಾಡಿಚ್, ಒಟ್ಟೊಮನ್ ಕಾಲದ ದಂಗೆಯೊಂದನ್ನು ನೆನೆದು, ಇಲ್ಲಿನ ತುರ್ಕರ ಮೇಲೆ ಸೇಡು ತೀರಿಸಿಕೊಳ್ಳುವ ಹೊತ್ತು ಬಂದಿದೆ ಎಂದು ಕ್ಯಾಮೆರಾದ ಮುಂದೆಯೇ ಹೇಳಿದ್ದ. ಆತ ತುರ್ಕರೆಂದದ್ದು ಪಕ್ಕದ ಮನೆಗಳಲ್ಲೇ ಬದುಕಿದ್ದ ಬೋಸ್ನಿಯಾದ ಮುಸ್ಲಿಮರನ್ನು. ಮುಂದಿನ ಕೆಲವೇ ದಿನಗಳಲ್ಲಿ 8,000ಕ್ಕೂ ಹೆಚ್ಚು ಗಂಡಸರೂ ಹುಡುಗರೂ ಕೊಲೆಯಾದರು. ನೆನಪನ್ನು ಆಯುಧ ಮಾಡಿಕೊಳ್ಳುವವರು ಇದ್ದೇ ಇದ್ದಾರೆ.

ಆದರೆ ಮರೆಯಿರಿ ಎಂದು ಯಾರಿಗೆ ಹೇಳುತ್ತೀರಿ? ಕೊಂದವರು ಸಾಕ್ಷ್ಯ ಅಳಿಸಲೆಂದು ಸಾಮೂಹಿಕ ಸಮಾಧಿಗಳನ್ನು ಯಂತ್ರಗಳಿಂದ ಅಗೆದು ಬೇರೆಡೆ ಹೂಳಿದ್ದರಿಂದ, ಒಬ್ಬನೇ ಮನುಷ್ಯನ ಮೂಳೆಗಳು ಎರಡು ಮೂರು ಹೊಂಡಗಳಲ್ಲಿ ಚದುರಿ ಸಿಕ್ಕವು. ಡಿಎನ್‌ಎ ಪರೀಕ್ಷೆಯಿಂದ ಗುರುತು ಹಿಡಿದು ಮನೆಯವರಿಗೆ ತಿಳಿಸುತ್ತಾರೆ. ಪ್ರತಿ ವರ್ಷ ಜುಲೈ 11ರಂದು, ಆ ವರ್ಷ ಗುರುತು ಸಿಕ್ಕವರನ್ನು ಸ್ರೆಬ್ರೆನಿತ್ಸಾ ಬಳಿಯ ಪೊಟೊಚಾರಿಯ ಸ್ಮಶಾನದಲ್ಲಿ ಮಣ್ಣು ಮಾಡುತ್ತಾರೆ. ಸಿಕ್ಕ ನಾಲ್ಕು ಮೂಳೆಗಳನ್ನೇ ಈಗ ಹೂಳಬೇಕೋ, ಉಳಿದವೂ ಸಿಗಲೆಂದು ಇನ್ನೊಂದು ವರ್ಷ ಕಾಯಬೇಕೋ ಎಂಬುದನ್ನು ಅಲ್ಲಿನ ತಾಯಂದಿರು ಇಂದಿಗೂ ತೀರ್ಮಾನಿಸಬೇಕಾಗಿದೆ.